ಉಳಿದ ಹಾಳೆಗಳಿಗೆ ರಟ್ಟು ಕಟ್ಟುವ ಒಂದು ದಿನ

ವಾರ್ಷಿಕ ಪರೀಕ್ಷೆ ಮುಗಿದ ಮೇಲೆ ಮಕ್ಕಳ ಬ್ಯಾಗ್ ಖಾಲಿ ಮಾಡಿ ನೋಡಿ. ಗಣಿತದ ನೋಟ್‌ಬುಕ್ ಕೊನೆಯ ಪುಟದವರೆಗೆ ತುಂಬಿರುತ್ತದೆ. ಸಮಾಜದ್ದು ಅರ್ಧ, ಹಿಂದಿಯದ್ದು ಕಾಲುಭಾಗ, ಉಳಿದದ್ದೆಲ್ಲ ಒಳ್ಳೆಯ ಖಾಲಿ ಹಾಳೆ. ಅದನ್ನು ತೂಕಕ್ಕೆ ಹಾಕಿದರೆ ಬರುವ ದುಡ್ಡಿಗೆ ಒಂದು ಹೊಸ ನೋಟ್‌ಬುಕ್ಕೂ ಬರುವುದಿಲ್ಲ. ಈ ಹಾಳೆಗಳನ್ನೆಲ್ಲ ಸೇರಿಸಿ ದಬ್ಬಳದಲ್ಲಿ ಚುಚ್ಚಿ ರಫ್ ಬುಕ್ ಹೊಲಿದುಕೊಳ್ಳುವುದು ನಮ್ಮಲ್ಲಿ ಎಷ್ಟೋ ಮನೆಗಳ ಬೇಸಿಗೆಯ ಕೆಲಸವಾಗಿತ್ತು. ಶಾಲೆ ಶುರುವಾಗುವುದಕ್ಕೆ ಮೊದಲು ಒಂದು ಭಾನುವಾರವನ್ನು ಇದಕ್ಕೆ ಮೀಸಲಿಟ್ಟರೆ ರಫ್ ಬುಕ್ಕಿನ ಜೊತೆಗೆ ಗಟ್ಟಿ ರಟ್ಟಿನ, ಮೇಜಿನ ಮೇಲೆ ಅಗಲವಾಗಿ ತೆರೆದುಕೊಳ್ಳುವ, ವರ್ಷಗಟ್ಟಲೆ ಬಾಳುವ ಒಂದು ಪುಸ್ತಕವನ್ನೂ ಮಾಡಿಕೊಳ್ಳಬಹುದು.

ಹೊಲಿಗೆಗೆ ಒಂದೆರಡು ಗಂಟೆ ಸಾಕು. ಅಂಟು ಒಣಗುವುದಕ್ಕೆ ಮಾತ್ರ ಇಡೀ ದಿನ, ಇಡೀ ರಾತ್ರಿ ಬೇಕು. ಆದ್ದರಿಂದ ಒಣಗಬೇಕಾದ ಕೆಲಸಗಳನ್ನು ಬೆಳಗ್ಗೆಯೇ ಮುಗಿಸಿ, ಅವು ಒಣಗುವ ಹೊತ್ತಿನಲ್ಲಿ ಉಳಿದದ್ದನ್ನು ಮಾಡಬೇಕು. ಮನೆಯಲ್ಲಿ ಮಾಡಿದ ಪುಸ್ತಕ ಹಾಳಾಗಿದೆ ಎಂದರೆ ಬಹುತೇಕ ಒಣಗುವ ಮುಂಚೆ ತೆರೆದಿದ್ದಾರೆ ಎಂದೇ ಅರ್ಥ. ಕೆಳಗಿನ ಕ್ರಮವನ್ನು ಅದಕ್ಕೆ ತಕ್ಕಂತೆ ಜೋಡಿಸಿದ್ದೇನೆ.

ಹಿಂದಿನ ದಿನ ಸೇರಿಸಿಡಬೇಕಾದದ್ದು

ಒಂದು ದಬ್ಬಳ, ಒಂದು ದಪ್ಪ ಸೂಜಿ, ದಪ್ಪ ಕಾಟನ್ ದಾರ, ಉಜ್ಜಲು ಮೇಣದಬತ್ತಿ, ಸ್ಟೀಲ್ ಸ್ಕೇಲು, ಕಟರ್, ಪೆನ್ಸಿಲ್ ಇರಲಿ. ಹೊಲಿಗೆ ಮಷೀನಿನ ದಾರ ಬೇಡ, ಅದು ತೆಳ್ಳಗಿದ್ದು ಹಾಳೆಯನ್ನು ಕೊಯ್ಯುತ್ತದೆ. ಮಡಿಕೆ ಒತ್ತಲು ಸ್ಟೀಲ್ ಚಮಚದ ಹಿಂಭಾಗ ಸಾಕು. ಒಂದೂವರೆ ಸೆಂ.ಮೀ. ಅಗಲದ ಕಾಟನ್ ಪಟ್ಟಿ ಟೈಲರ್ ಸಾಮಾನಿನ ಅಂಗಡಿಯಲ್ಲಿ ಸಿಗುತ್ತದೆ. ಪುಸ್ತಕದ ಬೆನ್ನಿಗೆ ಹಾಕಲು ಹಳೆಯ ಕಾಟನ್ ಬಟ್ಟೆ ಬೇಕು. ಗುಳೇದಗುಡ್ಡದ ಖಣದ ಒಂದು ತುಂಡು ಮನೆಯಲ್ಲಿದ್ದರೆ ಅದನ್ನೇ ತೆಗೆದಿಡಿ. ಅದರ ಸಣ್ಣ ವಿನ್ಯಾಸ ಪುಸ್ತಕದ ಕಿರಿದಾದ ಬೆನ್ನಿನ ಮೇಲೂ ಪೂರ್ತಿಯಾಗಿ ಕಾಣುತ್ತದೆ.

ರಟ್ಟಿನ ವಿಷಯದಲ್ಲಿ ಮಾತ್ರ ಜಿಪುಣತನ ಬೇಡ. ಸ್ವೀಟ್ ಬಾಕ್ಸಿನ ರಟ್ಟು ಒಂದೇ ತಿಂಗಳಲ್ಲಿ ಬಾಗುತ್ತದೆ. ಸ್ಟೇಷನರಿ ಅಂಗಡಿಯಲ್ಲಿ 2 ಮಿ.ಮೀ. ದಪ್ಪದ ಬೂದು ಬಣ್ಣದ ರಟ್ಟು ಕೇಳಿ. ಬೆಂಗಳೂರಿನವರಾದರೆ ಅವೆನ್ಯೂ ರಸ್ತೆಯ ಕಡೆ ಒಂದು ಸುತ್ತು ಹಾಕಿದರೆ ರಟ್ಟು, ಬೈಂಡಿಂಗ್ ಬಟ್ಟೆ, ಬಣ್ಣದ ಕಾಗದ ಎಲ್ಲ ಸಿಗುತ್ತವೆ. ಬೇರೆ ಊರಿನವರು ಹತ್ತಿರದ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕೇಳಿ ನೋಡಿ, ಕತ್ತರಿಸಿ ಉಳಿದ ರಟ್ಟಿನ ತುಂಡುಗಳು ಅಲ್ಲಿ ಇದ್ದೇ ಇರುತ್ತವೆ. ಭಾರ ಹೇರಲು ಎರಡು ಇಟ್ಟಿಗೆಗಳನ್ನು ಪೇಪರಿನಲ್ಲಿ ಸುತ್ತಿಡಿ.

ಬೆಳಗ್ಗೆ ಮೊದಲು ಅಂಟು

ಅರ್ಧ ಕಪ್ ಮೈದಾ, ಎರಡೂವರೆ ಕಪ್ ನೀರು. ಮೊದಲು ಸ್ವಲ್ಪ ತಣ್ಣೀರಿನಲ್ಲಿ ಮೈದಾ ಗಂಟಿಲ್ಲದಂತೆ ಕಲಸಿ, ಆಮೇಲೆ ಉಳಿದ ನೀರು ಸೇರಿಸಿ, ಸಣ್ಣ ಉರಿಯಲ್ಲಿ ಕೈಬಿಡದೆ ತಿರುವಿ. ಬಿಳಿ ಬಣ್ಣ ಹೋಗಿ ಅರೆಪಾರದರ್ಶಕವಾದಾಗ ಇಳಿಸಿ. ತಣ್ಣಗಾದ ಮೇಲೆ ಬಟ್ಟೆಯಲ್ಲಿ ಸೋಸಿ; ಈ ಹಂತ ಬಿಟ್ಟರೆ ಒಂದೊಂದು ಗಂಟೂ ರಟ್ಟಿನ ಮೇಲೆ ಗುಳ್ಳೆಯಾಗಿ ಕಾಣುತ್ತದೆ. ಆರಿದಾಗ ದೋಸೆ ಹಿಟ್ಟಿನ ಹದ ಇರಬೇಕು. ಗಟ್ಟಿಯಾಗಿದ್ದರೆ ನೀರು ಹಾಕಿ ಕದಡಿ.

ಹಳೆಯ ಬೈಂಡರುಗಳು ಹುಳು ಹತ್ತದಿರಲೆಂದು ಇದಕ್ಕೆ ಮೈಲುತುತ್ತು ಬೆರೆಸುತ್ತಿದ್ದರು. ಅದು ವಿಷ. ಮಕ್ಕಳು ಕೈ ಹಾಕುವ ಅಂಟಿಗೆ ಖಂಡಿತ ಹಾಕಬೇಡಿ, ಅಡುಗೆಯ ಪಾತ್ರೆಗೆ ಮುಟ್ಟಿಸಲೂ ಬೇಡಿ. ಆ ದಿನಕ್ಕೆ ಬೇಕಾದಷ್ಟೇ ಅಂಟು ಕಾಯಿಸಿ, ಉಳಿದದ್ದನ್ನು ಚೆಲ್ಲಿ, ಪುಸ್ತಕವನ್ನು ಚೆನ್ನಾಗಿ ಒಣಗಿಸಿ, ತೇವವಿಲ್ಲದ ಕಡೆ ಇಟ್ಟರೆ ಸಾಕು.

ಫೆವಿಕಾಲ್ ಇರುವಾಗ ಮೈದಾ ಯಾಕೆ ಎಂದು ಕೇಳಬಹುದು. ಫೆವಿಕಾಲ್ ಬೇಗ ಹಿಡಿಯುತ್ತದೆ, ದೊಡ್ಡ ಕಾಗದ ಸೊಟ್ಟಗೆ ಕೂತರೆ ಸರಿಸಲು ಬಿಡುವುದಿಲ್ಲ. ಮೈದಾ ಅಂಟು ನಿಧಾನ. ಎತ್ತಿ ಮತ್ತೆ ಕೂರಿಸಬಹುದು. ಪುಸ್ತಕದ ಬೆನ್ನಿಗೆ ಮಾತ್ರ, ತೆರೆದಾಗಲೆಲ್ಲ ಬಾಗುವ ಜಾಗವಾದ್ದರಿಂದ, ಒಣಗಿದ ಮೇಲೂ ಬಳುಕುವ ಫೆವಿಕಾಲ್ ಒಳ್ಳೆಯದು. ಉಳಿದ ಕಡೆಗೆಲ್ಲ ಮೈದಾ, ಅಥವಾ ಎರಡನ್ನೂ ಸಮ ಬೆರೆಸಿದ್ದು.

ಅಂಟು ಆರಿದ ಕೂಡಲೇ ಬೆನ್ನಿನ ಬಟ್ಟೆಗೆ ಕಾಗದದ ಅಸ್ತರು ಕೊಡಿ. ಬರಿಯ ಬಟ್ಟೆಗೆ ಅಂಟು ಸವರಿದರೆ ಎಳೆಗಳ ನಡುವೆ ಹೊರಗೆ ಬಂದು ಕಲೆಯಾಗುತ್ತದೆ. ಬಟ್ಟೆಯನ್ನು ಒದ್ದೆ ಮಾಡಿ, ಬಣ್ಣದ ಮೈ ಕೆಳಗಾಗಿ ಗ್ರಾನೈಟ್ ಅಥವಾ ಕಡಪ ಕಲ್ಲಿನ ಮೇಲೆ ಸುಕ್ಕಿಲ್ಲದಂತೆ ಹರಡಿ. ತೆಳ್ಳಗಿನ ಬಿಳಿ ಕಾಗದಕ್ಕೆ ಅಂಟು ಸವರಿ ಅದರ ಮೇಲೆ ಮಲಗಿಸಿ, ಒಣ ಬಟ್ಟೆಯಿಂದ ಮಧ್ಯದಿಂದ ಹೊರಕ್ಕೆ ಒತ್ತಿ. ಪೂರ್ತಿ ಒಣಗಿದ ಮೇಲೆ ಅಂಚಿನಿಂದ ಮೆಲ್ಲಗೆ ಬಿಡಿಸಿದರೆ ಬೈಂಡಿಂಗ್ ಬಟ್ಟೆ ಸಿದ್ಧ.

ಮಕ್ಕಳ ಪಾಲಿನ ಕೆಲಸ: ಅಂಟುಬಣ್ಣದ ಕಾಗದ

ಇಡೀ ದಿನದಲ್ಲಿ ಮಕ್ಕಳು ಬಿಟ್ಟೇಳದ ಕೆಲಸ ಇದು. ಅದೇ ಮೈದಾ ಅಂಟನ್ನು ಮೂರು ಬಟ್ಟಲಿಗೆ ಹಾಕಿ ಒಂದೊಂದಕ್ಕೆ ಒಂದೊಂದು ಪೋಸ್ಟರ್ ಬಣ್ಣ ಬೆರೆಸಿ. 100–120 ಜಿಎಸ್‌ಎಂ ಡ್ರಾಯಿಂಗ್ ಹಾಳೆಯನ್ನು ಒದ್ದೆ ಬಟ್ಟೆಯಿಂದ ಎರಡೂ ಕಡೆ ಒರೆಸಿ ಕಲ್ಲಿನ ಮೇಲೆ ಹರಡಿ. ಅಗಲ ಬ್ರಷ್ಷಿನಿಂದ ಬಣ್ಣದಂಟು ಸವರಿ, ಹಸಿಯಾಗಿರುವಾಗಲೇ ಹಲ್ಲು ಅಗಲವಿರುವ ಬಾಚಣಿಗೆಯನ್ನು ಅಲೆಅಲೆಯಾಗಿ ಎಳೆಯಿರಿ. ಹಲ್ಲು ಹೋದ ಕಡೆ ಅಂಟು ಸರಿದು ಕಾಗದದ ಬಿಳುಪು ತೆಳ್ಳಗೆ ಕಾಣುತ್ತದೆ, ಸರಿದ ಅಂಟು ಪಕ್ಕದಲ್ಲಿ ಗಾಢ ಗೆರೆಯಾಗಿ ಕೂರುತ್ತದೆ. ಈ ಎರಡರಿಂದ ಗೆರೆಗೆ ಒಂದು ಉಬ್ಬು ಬಂದಂತೆ ಕಾಣುತ್ತದೆ. ಅದು ಅಚ್ಚು ಹಾಕಿದ ಕಾಗದದಲ್ಲಿ ಸಿಗುವುದಿಲ್ಲ. ಚೆನ್ನಾಗಿ ಬರಲಿಲ್ಲವೆಂದರೆ ಮತ್ತೆ ಬ್ರಷ್ ಆಡಿಸಿ ಅಳಿಸಿ ಹೊಸದಾಗಿ ಎಳೆಯಬಹುದು. ಬೆರಳು, ಬೆಂಡೆಕಾಯಿಯ ತೊಟ್ಟು, ಕಚ್ಚು ಹಾಕಿದ ರಟ್ಟಿನ ತುಂಡು, ಯಾವುದಾದರೂ ಆಗುತ್ತದೆ. ರಂಗೋಲಿ ಹಾಕಿ ಕೈ ಪಳಗಿದವರು ಇಲ್ಲಿ ಎಲ್ಲರಿಗಿಂತ ಮುಂದೆ ಇರುತ್ತಾರೆ.

ನೆರಳಿನಲ್ಲಿ ಒಣಗಲು ಬಿಡಿ. ಬೇಸಿಗೆಯಲ್ಲಿ ಎರಡು ಮೂರು ಗಂಟೆ, ಮಳೆಗಾಲದ ಮಲೆನಾಡಿನಲ್ಲಾದರೆ ಮರುದಿನದವರೆಗೆ. ಮುದುಡಿಕೊಂಡರೆ ಹಿಂಭಾಗದಿಂದ ಕಡಿಮೆ ಬಿಸಿಯ ಇಸ್ತ್ರಿ ಆಡಿಸಿ.

ನೀರಿನ ಮೇಲೆ ಬಣ್ಣ ತೇಲಿಸಿ ಕಾಗದಕ್ಕೆ ಇಳಿಸುವ ಕಲೆಯೂ ನಮ್ಮದೇ ನೆಲದಲ್ಲಿ ಬೆಳೆದಿತ್ತು. 17ನೇ ಶತಮಾನದ ಬಿಜಾಪುರಕ್ಕೆ ಸೇರಿದ್ದೆಂದು ಕಲಾ ಇತಿಹಾಸಕಾರರು ಗುರುತಿಸುವ ಬಡಕಲು ಕುದುರೆಗಳ ಚಿತ್ರಗಳಲ್ಲಿ ಕುದುರೆಯ ಮೈಯೆಲ್ಲ ಹೀಗೆ ತೇಲಿಸಿದ ಬಣ್ಣದ ಸುಳಿಗಳೇ. ಅದಕ್ಕೆ ನೀರನ್ನು ಅಂಟಂಟಾಗಿಸಿ, ಕಾಗದಕ್ಕೆ ಪಟಿಕದ ನೀರು ಸವರಿ ಸಿದ್ಧಮಾಡಬೇಕು. ಅದಕ್ಕೇ ಬೇರೊಂದು ದಿನ ಬೇಕು, ಇಂದಿನ ಕೆಲಸಕ್ಕೆ ಸೇರಿಸಬೇಡಿ.

ಹಾಳೆ ವಿಂಗಡಿಸುವುದು

ಬಣ್ಣದ ಕಾಗದ ಒಣಗುತ್ತಿರುವಾಗ ನೋಟ್‌ಬುಕ್‌ಗಳ ಪಿನ್ ಬಿಚ್ಚಿ. ಇಲ್ಲಿ ಒಂದು ವಿಷಯ ಗಮನಿಸಬೇಕು. ನಡುವೆ ಪಿನ್ ಹಾಕಿದ ಪುಸ್ತಕದಲ್ಲಿ ಪ್ರತಿ ಹಾಳೆಯೂ ಜೋಡಿ. ಮುಂದಿನ ಎಲೆಗೆ ಹಿಂದಿನ ಎಲೆ ಅಂಟಿಕೊಂಡೇ ಇರುತ್ತದೆ. ಆದ್ದರಿಂದ ಅರ್ಧಕ್ಕಿಂತ ಹೆಚ್ಚು ಬರೆದ ಪುಸ್ತಕದಿಂದ ಬರೀ ಒಂಟಿ ಎಲೆಗಳು ಸಿಗುತ್ತವೆ. ಕಾಲುಭಾಗ ಮಾತ್ರ ಬರೆದದ್ದಾದರೆ ಮಧ್ಯದ ಹಾಳೆಗಳು ಜೋಡಿಯಾಗಿಯೇ ಖಾಲಿ ಸಿಗುತ್ತವೆ. ಜೋಡಿ ಹಾಳೆಗಳು ರಟ್ಟಿನ ಪುಸ್ತಕಕ್ಕೆ, ಒಂಟಿ ಎಲೆಗಳು ರಫ್ ಬುಕ್ಕಿಗೆ. ಎರಡು ಗುಡ್ಡೆ ಮಾಡಿ.

ಜೋಡಿ ಹಾಳೆಗಳನ್ನು ನಾಲ್ಕು ನಾಲ್ಕರಂತೆ ಒಂದರೊಳಗೊಂದು ಸೇರಿಸಿ, ಮಡಿಕೆಯ ಮೇಲೆ ಚಮಚ ಒತ್ತಿ ಎಳೆಯಿರಿ. ನಾಲ್ಕು ಹಾಳೆಗೆ 16 ಪುಟ. ಇಂಥ ಒಂದು ಗೊಂಚಲಿಗೆ ಪ್ರೆಸ್ಸಿನವರು ಫಾರಂ ಎನ್ನುತ್ತಾರೆ. ಕನ್ನಡ ಪುಸ್ತಕಗಳ ಮೊದಲ ಪುಟಗಳಲ್ಲಿ ‘ಡೆಮಿ 1/8’ ಎಂದು ಕಾಣುತ್ತದಲ್ಲ, ಅದು ಡೆಮಿ ಅಳತೆಯ ಒಂದು ದೊಡ್ಡ ಹಾಳೆಯನ್ನು ಮೂರು ಸಲ ಮಡಿಸಿ 8 ಎಲೆ, 16 ಪುಟ ಮಾಡಿದ ಆಕಾರ. ಮೊದಲ ಪುಸ್ತಕಕ್ಕೆ ಆರು ಫಾರಂ, ಅಂದರೆ 96 ಪುಟ ಹಿತವಾಗಿರುತ್ತದೆ.

ಕಾಗದದ ನಾರಿನ ದಿಕ್ಕನ್ನೂ ಈಗಲೇ ನೋಡಿಕೊಳ್ಳಿ. ಯಂತ್ರದಲ್ಲಿ ತಯಾರಾಗುವ ಕಾಗದದ ನಾರುಗಳು ಯಂತ್ರ ಓಡುವ ದಿಕ್ಕಿಗೇ ಹೆಚ್ಚಾಗಿ ಮಲಗಿರುತ್ತವೆ. ನೀರು ತಾಕಿದಾಗ ನಾರು ಉದ್ದಕ್ಕಿಂತ ಅಗಲಕ್ಕೆ ಹೆಚ್ಚು ಉಬ್ಬುತ್ತದೆ. ಹಾಗಾಗಿ ನಾರು ಪುಸ್ತಕದ ಬೆನ್ನಿಗೆ ಅಡ್ಡವಾಗಿದ್ದರೆ ಅಂಟು ಹಾಕಿದ ಕೂಡಲೇ ಬೆನ್ನಿನುದ್ದಕ್ಕೂ ಅಲೆ ಏಳುತ್ತದೆ, ರಟ್ಟು ಬಾಗುತ್ತದೆ. ಪರೀಕ್ಷೆ ಸುಲಭ: ರಟ್ಟನ್ನೋ ಕಾಗದವನ್ನೋ ಎರಡೂ ದಿಕ್ಕಿಗೆ ಮೆಲ್ಲಗೆ ಬಾಗಿಸಿ. ಯಾವ ಕಡೆ ಸಲೀಸಾಗಿ ಬಾಗುತ್ತದೋ, ಆ ಮಡಿಕೆಗೆ ಸಮಾನಾಂತರವಾಗಿ ನಾರು ಇದೆ. ಅದೇ ದಿಕ್ಕು ಬೆನ್ನಿನ ಉದ್ದಕ್ಕೆ ಬರಬೇಕು. ನೋಟ್‌ಬುಕ್ ಹಾಳೆಯ ಮಡಿಕೆಯನ್ನು ನಾವು ಬದಲಿಸಲಾರೆವು. ರಟ್ಟು, ಹೊದಿಕೆ, ಒಳಗಿನ ಅಸ್ತರು ನಮ್ಮ ಕೈಯಲ್ಲಿವೆ. ಎ4 ಝೆರಾಕ್ಸ್ ಹಾಳೆಯ ನಾರು ಸಾಮಾನ್ಯವಾಗಿ ಉದ್ದಕ್ಕೆ ಇರುವುದರಿಂದ ಅದನ್ನು ಅರ್ಧ ಮಡಿಸಿ ಪುಸ್ತಕ ಮಾಡಿದರೆ ದಿಕ್ಕು ತಪ್ಪುತ್ತದೆ. ಹೊಸ ಕಾಗದ ಕೊಳ್ಳುವುದಾದರೆ ದೊಡ್ಡ ಹಾಳೆ ತಂದು ಬೇಕಾದಂತೆ ಕತ್ತರಿಸಿಕೊಳ್ಳಿ.

ಹೊಲಿಗೆ

ನೋಟ್‌ಬುಕ್ 24 ಸೆಂ.ಮೀ. ಎತ್ತರವಿದೆ ಎಂದುಕೊಳ್ಳಿ. ಒಂದು ಉದ್ದನೆಯ ಕಾಗದದ ಪಟ್ಟಿಯ ಮೇಲೆ ಎರಡೂ ತುದಿಯಿಂದ 2 ಸೆಂ.ಮೀ. ಒಳಗೆ ಒಂದೊಂದು ಗುರುತು ಹಾಕಿ. ನಡುವೆ ಎರಡು ಕಾಟನ್ ಪಟ್ಟಿ ಬರುವ ಜಾಗ ಆರಿಸಿ, ಪ್ರತಿ ಪಟ್ಟಿಯ ಎರಡೂ ಅಂಚಿಗೆ ಒಂದೊಂದು ಗುರುತು. ಒಟ್ಟು ಆರು. ಪ್ರತಿ ಫಾರಮ್ಮನ್ನು ತೆರೆದು ಈ ಕಾಗದದ ಪಟ್ಟಿಯನ್ನು ಮಡಿಕೆಯೊಳಗೆ ಇಟ್ಟು ದಬ್ಬಳದಿಂದ ಚುಚ್ಚಿ. ಒಂದೇ ಅಳತೆಪಟ್ಟಿ ಎಲ್ಲದಕ್ಕೂ ಬಳಸಿದರೆ ರಂಧ್ರಗಳು ಸಾಲಾಗಿ ಬರುತ್ತವೆ.

ಎರಡು ಮೀಟರಿನಷ್ಟು ದಾರ ತೆಗೆದುಕೊಂಡು ಮೇಣ ಉಜ್ಜಿ. ಮೊದಲ ಫಾರಮ್ಮನ್ನು ಮೇಜಿನ ಅಂಚಿಗೆ ಮಲಗಿಸಿ. ತಲೆ ರಂಧ್ರದಲ್ಲಿ ಹೊರಗಿನಿಂದ ಒಳಗೆ ಹೋಗಿ, ಅಂಗೈ ಅಗಲದಷ್ಟು ದಾರದ ಬಾಲ ಹೊರಗೇ ಬಿಡಿ. ಒಳಗೆ ಮಡಿಕೆಯುದ್ದಕ್ಕೆ ಬಂದು, ಬೆನ್ನಿನ ಹೊರಗೆ ಅಡ್ಡಲಾಗಿ ಹಿಡಿದ ಕಾಟನ್ ಪಟ್ಟಿಯ ಮೊದಲ ಅಂಚಿನಲ್ಲಿ ಹೊರಗೆ ಬನ್ನಿ, ಪಟ್ಟಿಯ ಮೇಲಿಂದ ಹಾದು ಇನ್ನೊಂದು ಅಂಚಿನಲ್ಲಿ ಒಳಗೆ ಹೋಗಿ. ಎರಡನೆಯ ಪಟ್ಟಿಗೂ ಹಾಗೆಯೇ. ಕೊನೆಯ ರಂಧ್ರದಲ್ಲಿ ಹೊರಗೆ ಬಂದು, ಎರಡನೆಯ ಫಾರಮ್ಮನ್ನು ಮೊದಲನೆಯದರ ಮೇಲಿಟ್ಟು, ನೇರ ಮೇಲಿನ ರಂಧ್ರದಲ್ಲಿ ಒಳಹೊಕ್ಕು ಅದೇ ದಾರಿಯಲ್ಲಿ ವಾಪಸ್ ಬನ್ನಿ. ತಲೆಗೆ ಬಂದಾಗ ಬಿಟ್ಟಿದ್ದ ಬಾಲಕ್ಕೆ ಎರಡು ಗಂಟು ಹಾಕಿ.

ಮೂರನೆಯದರಿಂದ ಕೊನೆಯವರೆಗೆ, ಪ್ರತಿ ಸಲ ತುದಿಗೆ ಬಂದಾಗ ಒಂದು ಕೆಲಸ ಹೆಚ್ಚು: ಕೆಳಗಿನ ಎರಡು ಫಾರಂಗಳನ್ನು ಸೇರಿಸಿರುವ ದಾರದ ಅಡಿಯಲ್ಲಿ ಸೂಜಿ ತೂರಿಸಿ, ಬರುವ ಕುಣಿಕೆಯೊಳಗಿಂದ ಎಳೆದು ಗಂಟು ಮಾಡಿ, ಆಮೇಲೆ ಮೇಲಿನ ಫಾರಮ್ಮಿಗೆ ಹತ್ತಿ. ತುದಿಗಳು ಬಾಯಿಬಿಡದಂತೆ ಹಿಡಿದಿಡುವುದು ಈ ಗಂಟೇ.

ದಾರ ಬಿಗಿ ಮಾಡುವಾಗ ಹೊಲಿಯುತ್ತಿರುವ ದಿಕ್ಕಿಗೇ, ಬೆನ್ನಿಗೆ ಸಮಾನಾಂತರವಾಗಿ ಎಳೆಯಿರಿ. ನಿಮ್ಮ ಕಡೆಗೋ ಹಿಂದಕ್ಕೋ ಜಗ್ಗಿದರೆ ದಾರ ಹಾಳೆಯನ್ನು ರಂಧ್ರದಿಂದ ರಂಧ್ರಕ್ಕೆ ಹರಿಯುತ್ತದೆ. ಎಡಗೈ ಬೆರಳು ಫಾರಮ್ಮಿನ ಮೇಲಿರಲಿ; ದಾರ ಕೂತದ್ದು ಬೆರಳಿಗೇ ಗೊತ್ತಾಗುತ್ತದೆ.

ಹೊಲಿಗೆ ಮುಗಿದ ಮೇಲೆ ದಪ್ಪ ಕಾಗದದ ಎರಡು ಜೋಡಿ ಹಾಳೆ ಮಡಿಸಿ, ಮಡಿಕೆಯ ಪಕ್ಕ 3 ಮಿ.ಮೀ. ಮಾತ್ರ ಅಂಟು ಸವರಿ, ಮುಂದೊಂದು ಹಿಂದೊಂದು ಕೂರಿಸಿ. ರಟ್ಟಿನ ಒಳಮೈಗೆ ಅಂಟುವ ಅಸ್ತರಿನ ಹಾಳೆಗಳು ಇವೇ. ಪುಸ್ತಕವನ್ನು ಬೆನ್ನು ಕೆಳಗಾಗಿ ಮೇಜಿಗೆ ತಟ್ಟಿ ಸಮ ಮಾಡಿ, ಬೆನ್ನು ಸ್ವಲ್ಪ ಹೊರಗೆ ಇರುವಂತೆ ಎರಡು ಹಲಗೆಯ ನಡುವೆ ಇಟ್ಟು ಭಾರ ಹೇರಿ, ಬೆನ್ನಿಗೆ ಫೆವಿಕಾಲ್ ಸವರಿ. ಅದರ ಮೇಲೆ ತೆಳ್ಳಗಿನ ಕಾಟನ್ ಬಟ್ಟೆಯ ತುಂಡು ಕೂರಿಸಿ. ಎತ್ತರದಲ್ಲಿ ಪುಸ್ತಕಕ್ಕಿಂತ 2 ಸೆಂ.ಮೀ. ಕಡಿಮೆ, ಅಗಲದಲ್ಲಿ ಬೆನ್ನಿನ ಎರಡೂ ಕಡೆ 3 ಸೆಂ.ಮೀ. ಹೆಚ್ಚು ಇರಲಿ. ರಟ್ಟನ್ನು ಹಿಡಿದುಕೊಳ್ಳುವುದು ಈ ಬಟ್ಟೆ ಮತ್ತು ಕಾಟನ್ ಪಟ್ಟಿಗಳ ತುದಿ. ಬೆನ್ನಿಗೆ ಬರೀ ಗೋಂದು ಸುರಿದು ಮುಗಿಸಿದ ಪುಸ್ತಕ ಯಾಕೆ ಎಲೆ ಎಲೆಯಾಗಿ ಉದುರುತ್ತದೆ ಎಂಬುದು ಇದನ್ನು ಮಾಡುವಾಗ ಅರ್ಥವಾಗುತ್ತದೆ. ಮುಟ್ಟದೆ ಎರಡು ಗಂಟೆ ಬಿಡಿ, ಊಟ ಮುಗಿಸಿ.

ಬೆನ್ನು ಒಣಗುವ ಹೊತ್ತಿಗೆ ರಫ್ ಬುಕ್, ಕಡತ

ಒಂಟಿ ಎಲೆಗಳನ್ನು ಸಮ ಮಾಡಿ, ಮುಂದೆ ಹಿಂದೆ ಹಳೆಯ ಕ್ಯಾಲೆಂಡರಿನ ದಪ್ಪ ಹಾಳೆ ಇಟ್ಟು ಎರಡು ಕ್ಲಿಪ್ ಹಾಕಿ. ಅಂಚಿನಿಂದ 1 ಸೆಂ.ಮೀ. ಒಳಗೆ ಮೂರು ಗುರುತು. ಹಲಗೆಯ ಮೇಲಿಟ್ಟು ದಬ್ಬಳವನ್ನೋ ಮೊಳೆಯನ್ನೋ ಸುತ್ತಿಗೆಯಿಂದ ಹೊಡೆದು ರಂಧ್ರ ಮಾಡಿ. ನಡುವಿನ ರಂಧ್ರದಲ್ಲಿ ಕೆಳಗಿಳಿದು, ಮೇಲಿನ ರಂಧ್ರದಲ್ಲಿ ಹೊರಬಂದು, ಉದ್ದಕ್ಕೆ ಹಾದು ಕೆಳಗಿನ ರಂಧ್ರದಲ್ಲಿ ಇಳಿದು, ಮತ್ತೆ ನಡುವಿನಲ್ಲಿ ಹೊರಬನ್ನಿ. ದಾರದ ಎರಡು ತುದಿಯೂ ಆ ಉದ್ದ ಹೊಲಿಗೆಯ ಎರಡು ಪಕ್ಕದಲ್ಲಿ ಇರುವಂತೆ ನೋಡಿ ಗಂಟು ಹಾಕಿ. ಬೆನ್ನಿಗೆ ಬ್ರೌನ್ ಪೇಪರ್ ಪಟ್ಟಿ ಅಂಟಿಸಿದರೆ ಮುಗಿಯಿತು. ಈ ಪುಸ್ತಕ ಅಗಲವಾಗಿ ತೆರೆಯುವುದಿಲ್ಲ, ಲೆಕ್ಕ ಬಿಡಿಸಲು ಅದೇ ಸಾಕು.

ಆಮೇಲೆ ಕಡತ ಮಾಡಿ. ಹೊಲಿಗೆ ಬೇಡದ, ಹಿಂದೆ ಮುಂದೆ ಮಡಿಸುತ್ತ ಹೋಗುವ ಪುಸ್ತಕ ಅದು. ನಮ್ಮ ವರ್ತಕರೂ ಮಠಗಳೂ ಲೆಕ್ಕಪತ್ರ ಇಡುತ್ತಿದ್ದದ್ದು ಇದರಲ್ಲಿ. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲ ಪುಡಿ ಸವರಿ ಕಪ್ಪಾಗಿಸಿ, ಮಡಿಸಿ, ಬಳಪದಿಂದ ಬರೆಯುತ್ತಿದ್ದರು. ಬೇಡವಾದದ್ದನ್ನು ಅಳಿಸಿ ಮತ್ತೆ ಕಪ್ಪು ಸವರಿ ಬರೆಯಲು ಬರುತ್ತಿತ್ತು. ಶೃಂಗೇರಿ ಮಠದ ಕಡತಗಳು ಇತಿಹಾಸ ಬರೆಯುವವರಿಗೆ ದೊಡ್ಡ ಆಕರ. ಮನೆಯಲ್ಲಿ ಕಪ್ಪು ಚಾರ್ಟ್ ಹಾಳೆಯಿಂದ 12 ಸೆಂ.ಮೀ. ಅಗಲದ ಉದ್ದ ಪಟ್ಟಿ ಕತ್ತರಿಸಿ. ಸ್ಕೇಲಿನಿಂದ ಅಳೆದು ಮಡಿಸಬೇಡಿ, ಒಂದೊಂದು ಮಿ.ಮೀ. ವ್ಯತ್ಯಾಸ ಸೇರಿ ಕೊನೆಗೆ ಸೊಟ್ಟಗಾಗುತ್ತದೆ. ಮೊದಲು ಅರ್ಧ ಮಡಿಸಿ, ಪ್ರತಿ ತುದಿಯನ್ನೂ ಆ ನಡುಮಡಿಕೆಗೆ ತಂದು ಮತ್ತೆ ಅರ್ಧ, ಹೀಗೆ ಎಂಟು ಭಾಗ ಮಾಡಿ, ಆಮೇಲೆ ಮಡಿಕೆಗಳನ್ನು ಒಂದು ಮೇಲೆ ಒಂದು ಕೆಳಗೆ ತಿರುಗಿಸಿ ಒತ್ತಿ. ಎರಡು ತುದಿಗೆ ರಟ್ಟಿನ ತುಂಡು ಅಂಟಿಸಿ. ಮಕ್ಕಳ ಕೈಗೆ ಸೀಮೆಸುಣ್ಣವನ್ನೋ ಬಳಪವನ್ನೋ ಕೊಡಿ.

ಸಂಜೆ ರಟ್ಟು

ಪುಸ್ತಕ ಈಗ ಗಟ್ಟಿಯಾಗಿ ನಿಂತಿರುತ್ತದೆ. ರಟ್ಟಿನ ಎತ್ತರ ಪುಸ್ತಕದ್ದಕ್ಕಿಂತ 6 ಮಿ.ಮೀ. ಹೆಚ್ಚು, ಅಗಲ 3 ಮಿ.ಮೀ. ಕಡಿಮೆ. ಹೀಗೆ ಎರಡು ತುಂಡು. ಬೆನ್ನಿಗೆ ಒಂದು ಪಟ್ಟಿ, ಅದರ ಅಗಲ ಪುಸ್ತಕದ ದಪ್ಪಕ್ಕೆ ಎರಡು ರಟ್ಟಿನ ದಪ್ಪ ಸೇರಿಸಿದಷ್ಟು. ಕಟರ್ ದೊಡ್ಡವರ ಕೈಯಲ್ಲೇ ಇರಲಿ. ಒಂದೇ ಏಟಿಗೆ ಕೊಯ್ಯಲು ಹೋಗದೆ, ಸ್ಟೀಲ್ ಸ್ಕೇಲ್ ಒತ್ತಿಹಿಡಿದು ಹಗುರವಾಗಿ ಹತ್ತಾರು ಸಲ ಎಳೆಯಿರಿ.

ಬೆಳಗ್ಗೆ ಸಿದ್ಧಪಡಿಸಿದ ಬಟ್ಟೆಗೆ ಅಂಟು ಸವರಿ, ನಡುವೆ ಬೆನ್ನುಪಟ್ಟಿ, ಎರಡೂ ಕಡೆ 7 ಮಿ.ಮೀ. ಜಾಗ ಬಿಟ್ಟು ರಟ್ಟುಗಳನ್ನು ಕೂರಿಸಿ. ಬಾಗಿಲಿನ ಕೀಲಿನಂತೆ ರಟ್ಟು ಆಡುವುದು ಈ 7 ಮಿ.ಮೀ. ಜಾಗದಲ್ಲಿ, ಕಡಿಮೆಯಾದರೆ ರಟ್ಟು ತೆರೆಯದು, ಹೆಚ್ಚಾದರೆ ಜೋತುಬೀಳುತ್ತದೆ. ಬಟ್ಟೆಯ ಮೇಲೆ ಕೆಳಗಿನ ಅಂಚುಗಳನ್ನು ಒಳಕ್ಕೆ ಮಡಿಸಿ. ಉಳಿದ ಭಾಗಕ್ಕೆ ಅಂಟುಬಣ್ಣದ ಕಾಗದ, ಬಟ್ಟೆಯ ಅಂಚಿನ ಮೇಲೆ 3 ಮಿ.ಮೀ. ಹತ್ತುವಂತೆ. ಸುತ್ತ 2 ಸೆಂ.ಮೀ. ಮಡಿಕೆಗೆ ಬಿಟ್ಟು, ಮೂಲೆಗಳನ್ನು ಓರೆಯಾಗಿ ಕತ್ತರಿಸಿ. ರಟ್ಟಿನ ಮೂಲೆಗೆ ತಾಗುವಂತೆ ಕತ್ತರಿಸಬೇಡಿ, 4 ಮಿ.ಮೀ. ಉಳಿಸಿ, ಆ ಚೂರನ್ನು ಉಗುರಿನಿಂದ ಒಳಕ್ಕೆ ಒತ್ತಿ ಪಕ್ಕ ಮಡಿಸಿದರೆ ಮೂಲೆಯಲ್ಲಿ ಬೂದು ರಟ್ಟು ಇಣುಕುವುದಿಲ್ಲ.

ಈಗ ಪುಸ್ತಕವನ್ನು ರಟ್ಟಿನೊಳಗೆ ಮೂರು ಕಡೆ ಸಮ ಅಂಚು ಬಿಟ್ಟು ಕೂರಿಸಿ. ಮೇಲಿನ ಅಸ್ತರಿನ ಹಾಳೆಯ ಕೆಳಗೆ ಒಂದು ನ್ಯೂಸ್‌ಪೇಪರ್ ತೂರಿಸಿ, ಮೊದಲು ಬಟ್ಟೆ ಮತ್ತು ಪಟ್ಟಿಗಳ ತುದಿಗೆ, ಆಮೇಲೆ ಇಡೀ ಹಾಳೆಗೆ ತೆಳ್ಳಗೆ ಅಂಟು ಸವರಿ. ನ್ಯೂಸ್‌ಪೇಪರ್ ತೆಗೆದು ರಟ್ಟು ಮುಚ್ಚಿ ಒತ್ತಿ. ತಿರುವಿ ಇನ್ನೊಂದು ಕಡೆ ಹೀಗೇ ಮಾಡಿ. ಹೊರಗಿನ ಕಾಗದ ಒಣಗುತ್ತ ರಟ್ಟನ್ನು ಹೊರಕ್ಕೆ ಎಳೆಯುತ್ತದೆ, ಒಳಗಿನ ಈ ಹಾಳೆ ಒಳಕ್ಕೆ ಎಳೆದು ಸರಿದೂಗಿಸುತ್ತದೆ. ಅದಕ್ಕೇ ಇದನ್ನು ಅರೆಬರೆ ಅಂಟಿಸಬಾರದು. ಎರಡೂ ಕಡೆ ರಟ್ಟಿನೊಳಗೆ ಪ್ಲಾಸ್ಟಿಕ್ ಹಾಳೆ ಇಟ್ಟು, ಕೀಲಿನ ಗೆರೆಯನ್ನು ಚಮಚದ ಅಂಚಿನಿಂದ ಒತ್ತಿ, ಹಲಗೆಯ ನಡುವೆ ಇಟ್ಟಿಗೆ ಹೇರಿ. ಹೇಗೆ ಬಂದಿದೆ ಎಂದು ತೆರೆದು ನೋಡುವ ಆಸೆ ಎಲ್ಲರಿಗೂ ಆಗುತ್ತದೆ. ಬೆಳಗಾಗುವವರೆಗೆ ತೆರೆಯಬೇಡಿ.

ರಾತ್ರಿ ಕೈ ಖಾಲಿ ಇದ್ದರೆ ಉಳಿದ ಬಣ್ಣದ ಚೂರುಗಳಿಂದ ಪುಟಗುರುತು, ಮುಯ್ಯಿ ಕವರ್ ಮಾಡಿ. ಹೊಸ ಪಠ್ಯಪುಸ್ತಕ ಬಂದಿದ್ದರೆ ಅವಕ್ಕೆ ಬೈಂಡ್ ಹಾಕುವ ಕೆಲಸವೂ ಇದೇ ಮೇಜಿನ ಮೇಲೆ ಆಗಿಬಿಡಲಿ.

ಮರುದಿನ ಪ್ಲಾಸ್ಟಿಕ್ ತೆಗೆದು ರಟ್ಟಿನ ಒಳಮೈ ಮುಟ್ಟಿ ನೋಡಿ. ತಣ್ಣಗಿದ್ದರೆ ಇನ್ನೂ ತೇವ ಇದೆ, ಪ್ಲಾಸ್ಟಿಕ್ ಬದಲು ಒಣ ಕಾಗದ ಇಟ್ಟು ಮತ್ತೊಂದು ದಿನ ಭಾರದಡಿ ಬಿಡಿ. ಒಣಗಿದ್ದರೆ ಪುಸ್ತಕವನ್ನು ಬೆನ್ನಿನ ಮೇಲೆ ನಿಲ್ಲಿಸಿ ಎರಡೂ ರಟ್ಟು ಮೇಜಿಗೆ ಬಿಡಿ. ಮುಂದಿನಿಂದ ನಾಲ್ಕೈದು ಎಲೆ, ಹಿಂದಿನಿಂದ ನಾಲ್ಕೈದು ಎಲೆ, ಹೀಗೆ ಎರಡೂ ಕಡೆಯಿಂದ ಬಿಡಿಸುತ್ತ ಪ್ರತಿ ಸಲ ಬೆನ್ನಿನ ಹತ್ತಿರ ಬೆರಳಿನಿಂದ ಸವರಿ ನಡುವಿನವರೆಗೆ ಬನ್ನಿ. ಎಲ್ಲ ಫಾರಂಗಳೂ ಒಂದೇ ಸಮ ಸಡಿಲವಾದ ಮೇಲೆ ಬರೆಯಲು ಶುರು ಮಾಡಬಹುದು.